ಸಹಾಯ ಬೇಕು: ಬಾಣದ ಮೊನೆ, ಡಾಲ್ಫಿನ್ ರೂಪದ ಹಣದ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಶಾಲೆಯ ಮಕ್ಕಳಿಗಾಗಿ ಹಳೆಯ ಕಾಲದ ಹಣದ ಬಗ್ಗೆ ಒಂದು ಪುಟ್ಟ ಪ್ರದರ್ಶನ ಮಾಡುತ್ತಿದ್ದೇನೆ. ಕಪ್ಪು ಸಮುದ್ರದ ದಡದ ಗ್ರೀಕ್ ವಸಾಹತುಗಳ ಹಣದ ಚಿತ್ರಗಳು ಬೇಕಿದ್ದವು.

ಕ್ರಿ.ಪೂ. 6ನೇ ಶತಮಾನದಲ್ಲಿ ಇಸ್ಟ್ರೋಸ್, ಅಪೊಲೋನಿಯಾ, ಓಲ್ಬಿಯಾ ಎಂಬ ಆ ವಸಾಹತುಗಳ ಕಡೆ ಬಾಣದ ಮೊನೆಯಂಥ ಕಂಚಿನ ತುಂಡುಗಳು ಹಣವಾಗಿ ನಡೆಯುತ್ತಿದ್ದವು. ಹರಿತವೇ ಇಲ್ಲ, ಬೇಟೆಗೆ ಬರುವಂಥವಲ್ಲ. ಕೊಡು-ಕೊಳ್ಳುವಿಕೆಗೆಂದೇ ಎರಕ ಹೊಯ್ದವು! ಓಲ್ಬಿಯಾದಲ್ಲಂತೂ ಪುಟ್ಟ ಕಂಚಿನ ಡಾಲ್ಫಿನ್‌ಗಳೂ ಇದ್ದವು. ಅಲ್ಲಿ ಅಪೊಲೋ ಡೆಲ್ಫಿನಿಯೋಸ್ (ಡಾಲ್ಫಿನ್ ಜೊತೆ ನಂಟಿರುವ ಗ್ರೀಕ್ ದೇವರು ಅಪೊಲೋ) ದೇವರ ಪೂಜೆ ಜೋರಾಗಿತ್ತು, ಅದಕ್ಕೇ ಈ ರೂಪ ಎನ್ನುವವರಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಉಕ್ರೇನ್, ರೊಮೇನಿಯಾ, ಬಲ್ಗೇರಿಯಾದ ಮ್ಯೂಸಿಯಂಗಳಲ್ಲಿ ಇವುಗಳ ಫೋಟೋ ತೆಗೆದವರು ಯಾರಾದರೂ ಇದ್ದೀರಾ? ತೂಕ, ಅಳತೆಯ ವಿವರವೂ ಇದ್ದರೆ ದಯವಿಟ್ಟು ಕಳಿಸಿ. ಮಣ್ಣಿನಲ್ಲಿ ಮಾದರಿ ಮಾಡಿ ಮಕ್ಕಳ ಕೈಗೆ ಕೊಡುವ ಆಸೆ.