‘ಸೂರ್ಯನ ಕೆಳಗೆ ಹೊಸದೇನೂ ಇಲ್ಲ’: ಹಾಗಾದರೆ ಹೊಸದಾಗಿ ಏನನ್ನೂ ಮಾಡಬಾರದಾ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ಬೈಬಲಿನ ಪ್ರಸಂಗಿ ಪುಸ್ತಕದ 1:9ರ ಬಗ್ಗೆ ತಿಳಿದವರು ಹೇಳಿ. ಇದ್ದದ್ದೇ ಇರುತ್ತದೆ, ನಡೆದದ್ದೇ ನಡೆಯುತ್ತದೆ, ಸೂರ್ಯನ ಕೆಳಗೆ ಹೊಸದೇನೂ ಇಲ್ಲ ಅನ್ನುವ ವಚನ.

ನಮ್ಮ ಸಭೆಯ ಯುವಕರು ಸೇರಿ, ಭಾನುವಾರ ಸಂಜೆ ಕೂಲಿ ಕೆಲಸದವರ ಮಕ್ಕಳಿಗೆ ಪಾಠ ಹೇಳಿಕೊಡೋಣ ಅಂದುಕೊಂಡೆವು. ಹಾಲ್‌ನ ಬೀಗದ ಕೈ ಕೇಳಿದೆವು. ಹಿರಿಯರೊಬ್ಬರು ಎದ್ದು ನಿಂತು ಈ ವಚನ ಓದಿದರು. ‘ಇಂಥದ್ದೆಲ್ಲ ಹಿಂದೆಯೂ ಮಾಡಿದ್ದಾರೆ, ನಿಂತುಹೋಗಿದೆ’ ಎಂದರು. ಅಲ್ಲಿಗೆ ಮಾತು ಮುಗಿಯಿತು. ದೇವರ ವಾಕ್ಯದ ಎದುರು ನಾವೇನು ಹೇಳೋದು? ಆದರೆ ಯೆಶಾಯ 43:19ರಲ್ಲಿ ದೇವರೇ ಹೊಸದನ್ನು ಮಾಡುತ್ತೇನೆ ಅನ್ನುತ್ತಾನಲ್ವಾ? ಎರಡೂ ಹೇಗೆ ಸರಿ?

ತುಂಗೆಯ ದಡ:
ಮನುಷ್ಯನ ಸ್ವಭಾವ ಬದಲಾಗಲ್ಲ ಅಂತ ಅರ್ಥ. ಮೊಬೈಲ್ ಹೊಸದು, ಅದರಲ್ಲಿ ಹೇಳುವ ಚಾಡಿ ಹಳೆಯದು. ನಾನು ಹಾಗೇ ತಿಳಿದುಕೊಂಡಿದ್ದೇನೆ.

ಕಾಪು ಕಡಲು:
ತಮ್ಮಾ, ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಕರಾವಳಿಯವರು ಇಲ್ಲಿ ತುಂಬಾ ಜನ ಇದ್ದೇವೆ. ನಾನು ನೋಡಿಕೊಳ್ಳುವ ಅಜ್ಜನ ಮನೆತನ ಪೋಲೆಂಡಿನಿಂದ ಬಂದದ್ದು. ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಯೆಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಹೋಗುತ್ತೇನೆ. ಈ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಕೇಳಿದ್ದು ಅಲ್ಲೇ. ಇವರು ಕೊಹೆಲೆತ್ ಅನ್ನುತ್ತಾರೆ. ಅಜ್ಜನ ಪದ್ಧತಿಯವರು ಸುಕ್ಕೋತ್ ಹಬ್ಬದ ನಡುವಿನ ಸಬ್ಬತ್ತಿನ ದಿನ, ಅಂದರೆ ಶನಿವಾರ, ಹನ್ನೆರಡೂ ಅಧ್ಯಾಯ ಓದಿಸುತ್ತಾರೆ.

ಯಾವಾಗ ಓದುತ್ತಾರೆ ಅನ್ನೋದನ್ನು ಸ್ವಲ್ಪ ಗಮನಿಸು. ಸುಕ್ಕೋತ್ ಅಂದರೆ ಬೆಳೆ ಮನೆಗೆ ಬಂದ ಮೇಲಿನ ಹಬ್ಬ. ಕಣಜ ತುಂಬಿರುತ್ತದೆ. ಆಗ ಜನ ಮನೆಯೊಳಗೆ ಹಾಯಾಗಿ ಕೂರುವುದಿಲ್ಲ. ಅಂಗಳದಲ್ಲೋ ಬಾಲ್ಕನಿಯಲ್ಲೋ ಒಂದು ಗುಡಿಸಲು ಕಟ್ಟಿ, ಏಳು ದಿನ ಅದರಲ್ಲೇ ಊಟ ಮಾಡುತ್ತಾರೆ. ಮಾಡಿಗೆ ಹೆಂಚು, ಶೀಟು ಹಾಕುವಂತಿಲ್ಲ. ಕಡಿದ ಕೊಂಬೆ, ಖರ್ಜೂರದ ಗರಿ ಅಷ್ಟೇ. ನಮ್ಮಲ್ಲಿ ಮದುವೆಗೆ ಹಾಕುವ ಚಪ್ಪರದ ಹಾಗೇ ಇರುತ್ತದೆ. ರಾತ್ರಿ ಅಜ್ಜನಿಗೆ ಸೂಪ್ ಕುಡಿಸುವಾಗ ಗರಿಗಳ ಸಂದಿಯಲ್ಲಿ ನಕ್ಷತ್ರ ಕಾಣುತ್ತದೆ. ಇಷ್ಟೆಲ್ಲ ದುಡಿದೆಯಲ್ಲ, ಸೂರ್ಯನ ಕೆಳಗೆ ಪಟ್ಟ ಪಾಡಿಗೆ ನಿನಗೆ ಉಳಿದ ಲಾಭ ಏನು ಅಂತ ಪುಸ್ತಕ ಕೇಳುವುದು ಅಂಥ ಹೊತ್ತಿನಲ್ಲಿ. ಅದು 1:3. ಒಂಬತ್ತನೇ ವಚನ ಆ ಪ್ರಶ್ನೆಯ ಬೆನ್ನಿಗೇ ಬರುವ ಮಾತು.

ನಡುವೆ ಇರುವುದನ್ನು ಓದು. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಗಾಳಿ ತೆಂಕಕ್ಕೆ ಬೀಸಿ ಬಡಗಕ್ಕೆ ತಿರುಗುತ್ತದೆ. ನದಿಗಳೆಲ್ಲ ಸಮುದ್ರಕ್ಕೆ ಹೋದರೂ ಸಮುದ್ರ ತುಂಬುವುದಿಲ್ಲ. ಹಾಗಂತ ನದಿ ಹರಿಯುವುದನ್ನು ಬಿಡಬೇಕು ಅಂತ ಪ್ರಸಂಗಿ ಎಲ್ಲೂ ಹೇಳುವುದಿಲ್ಲ. ನೀನು ಕೂಡಿಟ್ಟದ್ದು ನಿನ್ನದಾಗಿ ನಿಲ್ಲುವುದಿಲ್ಲ, ನಿನ್ನಿಂದಲೇ ಲೋಕ ಶುರುವಾಯಿತು ಅಂದುಕೊಳ್ಳಬೇಡ. ನನಗೆ ತಿಳಿದ ಮಟ್ಟಿಗೆ ಅಷ್ಟೇ ಅವನ ಮಾತು.

ಇನ್ನು 11ನೇ ವಚನ. ಹಿಂದಿನವರ ನೆನಪು ಯಾರಿಗೂ ಇಲ್ಲ ಅನ್ನುತ್ತಾನೆ. ನಾವು ಹೊಸದು ಅನ್ನುವುದು ಮರೆತದ್ದರಿಂದ. ನಿಮ್ಮ ಹಿರಿಯರು ಇನ್ನೆರಡು ವಚನ ಓದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು. ಹಿಂದೆ ಪಾಠ ಹೇಳಿದವರು ಯಾರು? ಯಾಕೆ ನಿಂತಿತು? ಅದನ್ನು ಕೇಳಿ ತಿಳಿದುಕೊಳ್ಳುವುದೇ ಈ ವಚನಕ್ಕೆ ಕೊಡುವ ಮರ್ಯಾದೆ. ಇದೇ ಪುಸ್ತಕದ 11:6ನ್ನೂ ಅವರಿಗೆ ಓದಿ ಹೇಳು. ಬೆಳಿಗ್ಗೆ ಬೀಜ ಬಿತ್ತು, ಸಂಜೆಯೂ ಕೈ ತೆಗೆಯಬೇಡ, ಇದು ಫಲಿಸುತ್ತದೋ ಅದು ಫಲಿಸುತ್ತದೋ ನಿನಗೆ ಗೊತ್ತಿಲ್ಲ ಅಂತ ಇದೆ. ಹಿಂದೆ ನಿಂತುಹೋಯಿತು ಅನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಾ?

ತುಂಗೆಯ ದಡ:
ಚೆನ್ನಾಗಿ ಹೇಳಿದಿರಿ ಅಕ್ಕ. ಇದನ್ನು ಬರೆದದ್ದು ಸೊಲೊಮೋನನೇ ಅಲ್ವಾ? ಮತ್ತೆ ಯೆಶಾಯನ ಮಾತಿಗೆ ಏನಂತೀರಿ?

ಕಾಪು ಕಡಲು:
ದಾವೀದನ ಮಗ, ಜೆರುಸಲೇಮಿನ ಅರಸ ಅಂತ ಪುಸ್ತಕದಲ್ಲಿದೆ. ಪರಂಪರೆ ಸೊಲೊಮೋನ ಅನ್ನುತ್ತದೆ. ಅದರ ಹೀಬ್ರೂ ಭಾಷೆಯ ರೀತಿ ನೋಡಿ, ಅವನಾದ ಮೇಲೆ ನೂರಾರು ವರ್ಷಕ್ಕೆ ಬರೆದದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಇದರ ತುಣುಕುಗಳಲ್ಲಿ ಹೆಚ್ಚು ಹಳೆಯವು ಕ್ರಿಸ್ತಪೂರ್ವ 2ನೇ ಶತಮಾನದವು.

ಯೆಶಾಯನ ಆ ಮಾತು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ. ಇನ್ನು ನಮ್ಮ ಪಾಡು ಇಷ್ಟೇ ಅಂತ ಕೂತವರಿಗೆ ಹೊಸದು ಬರುತ್ತದೆ ಅನ್ನಲೇಬೇಕಿತ್ತು. ಪ್ರಸಂಗಿಯ ಎರಡನೇ ಅಧ್ಯಾಯದಲ್ಲಿ ಮಾತಾಡುವವನಿಗೆ ಮನೆ, ದ್ರಾಕ್ಷಿತೋಟ, ಕೆರೆ, ಬೆಳ್ಳಿಬಂಗಾರ ಎಲ್ಲ ಇದೆ. ಕೇಳುವವರೇ ಬೇರೆ. ಸೆರೆಯವರಿಗೆ ಹೇಳುವ ಮಾತನ್ನು ಅರಮನೆಯವರಿಗೆ ಹೇಳಲು ಆಗುತ್ತದಾ?

ಅಜ್ಜ ಹೇಳಿದ ಒಂದು ಕಥೆ ಇದೆ. ಯೆಹೂದಿ ಗುರುಗಳ ಚರ್ಚೆಗಳ ಗ್ರಂಥ ತಾಲ್ಮುದಿನ ಶಬ್ಬಾತ್ ಭಾಗ, 30ನೇ ಹಾಳೆ. ರಬ್ಬಾನ್ ಗಮಲಿಯೇಲ ಪಾಠ ಮಾಡುತ್ತಾ, ಮುಂದೊಂದು ಕಾಲದಲ್ಲಿ ಮರಗಳು ದಿನಾ ಹಣ್ಣು ಬಿಡುತ್ತವೆ ಎಂದರು. ಒಬ್ಬ ಶಿಷ್ಯ ನಕ್ಕ. ಸೂರ್ಯನ ಕೆಳಗೆ ಹೊಸದೇನೂ ಇಲ್ಲ ಅಂತ ಇದೇ ವಚನ ಎತ್ತಿದ. ಗುರು ಸಿಟ್ಟಾಗಲಿಲ್ಲ. ‘ಬಾ, ಈ ಲೋಕದಲ್ಲೇ ತೋರಿಸುತ್ತೇನೆ’ ಅಂತ ಕರೆದುಕೊಂಡು ಹೋಗಿ ಕೇಪರ್ ಗಿಡ ತೋರಿಸಿದರು. ಅದಕ್ಕೂ ಮೊದಲು, ಹೆಂಗಸರು ದಿನಾ ಹೆರುವ ಕಾಲ ಬರುತ್ತದೆ ಎಂದಾಗಲೂ ಶಿಷ್ಯ ಹೀಗೇ ನಕ್ಕಿದ್ದ, ಆಗ ಕೋಳಿ ತೋರಿಸಿದ್ದರು.

ಆ ಕೇಪರ್ ಗಿಡ ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಸಂದಿಯಲ್ಲೂ ಬೆಳೆದಿದೆ. ಬೇಸಿಗೆಯಲ್ಲಿ ನೋಡಬೇಕು. ಬಿಳಿ ಎಸಳು, ಮಧ್ಯದಲ್ಲಿ ನೇರಳೆ ಬಣ್ಣದ ಉದ್ದ ಕೇಸರ. ಸಂಜೆ ಅರಳಿದ ಹೂ ಮರುದಿನಕ್ಕೆ ಬಾಡುತ್ತದೆ, ಪಕ್ಕದಲ್ಲಿ ಇನ್ನೊಂದು ಮೊಗ್ಗು ತಯಾರಾಗಿರುತ್ತದೆ. ವಚನ ಎತ್ತಿ ಬಾಯಿ ಮುಚ್ಚಿಸಲು ಹೊರಟವನಿಗೆ ಗುರು ಇನ್ನೊಂದು ವಚನ ಎಸೆಯಲಿಲ್ಲ, ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ನನಗೆ ತುಂಬಾ ಇಷ್ಟವಾದದ್ದು ಇದೇ. ನೀನೂ ನಿಮ್ಮ ಹಿರಿಯರನ್ನು ಒಂದು ಸಂಜೆ ಆ ಮಕ್ಕಳಿರುವ ಕಡೆ ಕರೆದುಕೊಂಡು ಹೋಗಬಹುದು.

ಹಾಸನದ ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ. ಮಕ್ಕಳಿರೋದು ಕಟ್ಟಡ ಕಟ್ಟುತ್ತಿರುವ ಸೈಟಿನ ಪಕ್ಕದ ಶೆಡ್‌ಗಳಲ್ಲಿ. ಮುಂದಿನ ಮೀಟಿಂಗ್‌ಗೆ ಮೊದಲೇ ಹಿರಿಯರ ಮನೆಗೆ ಹೋಗುತ್ತೇನೆ. ಹಿಂದೆ ಪಾಠ ಹೇಳಿದವರು ಯಾರು ಅಂತ ಮೊದಲು ಅವರನ್ನೇ ಕೇಳುತ್ತೇನೆ. ಆಮೇಲೆ, ಒಂದು ಸಲ ನಮ್ಮ ಜೊತೆ ಬನ್ನಿ ಅಂತ ಕರೆಯುತ್ತೇನೆ.