ಹಾಳುಬಿದ್ದ ತೋಟದಮನೆ: ನೆಲ ಸಮ ಮಾಡುವ ಮೊದಲು ಏನೇನು ದಾಖಲಿಸಬೇಕು?

ಪ್ರಶ್ನೆ
ಬೇಸಾಯದ ಕುಟುಂಬವೊಂದು ಬಿಟ್ಟುಹೋದ ಮನೆಯ ಅವಶೇಷ: ಮೊಣಕಾಲೆತ್ತರದ ಎರಡು ಕಲ್ಲಿನ ತಳಪಾಯ, ಒಂದು ಮಣ್ಣಿನ ದಿಬ್ಬ, ಕಸ ತುಂಬಿದ ಹಾಳುಬಾವಿ. ಮಾಲೀಕರ ಒಪ್ಪಿಗೆ ಇದೆ, ಆದರೆ ಸದ್ಯದಲ್ಲೇ ನೆಲ ಸಮ ಮಾಡುತ್ತಾರೆ. ನಾವು ಅಗೆಯುವುದಿಲ್ಲ. ಮನೆ ಯಾವುದು, ಕೊಟ್ಟಿಗೆ ಯಾವುದು, ಎಷ್ಟು ಹಳೆಯದು ಅಂತ ತಿಳಿಯೋದು ಹೇಗೆ?

ಉತ್ತರಿಸಿದವರು: ‘ತಳಪಾಯ’
ಪೊದೆಗಳನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರು ಎಳೆದರೆ ಗೋಡೆಯ ಕಲ್ಲಿನ ಜೊತೆ ಮಣ್ಣಿನ ಪದರವೂ ಕದಡುತ್ತದೆ. ಸಾಲಾಗಿ ನಿಂತ ಹಳೆಯ ಮರಗಳನ್ನು ನಕ್ಷೆಗೆ ಹಾಕಿ. ಬೇಲಿ, ದಾರಿ ಎಲ್ಲಿದ್ದವು ಅನ್ನೋದಕ್ಕೆ ಎಷ್ಟೋ ಸಲ ಅವೇ ಸಾಕ್ಷಿ.

ಉದ್ದ ಗೋಡೆಗೆ ಸಮಾನಾಂತರವಾಗಿ 30 ಮೀಟರ್ ಟೇಪ್ ಬಿಗಿಯಾಗಿ ಎಳೆದು ಎರಡೂ ತುದಿಗೆ ಗೂಟ ಹೊಡೆಯಿರಿ, ಗೂಟಗಳ ಜಿಪಿಎಸ್ ಬರೆದಿಡಿ. ಟೇಪಿನಿಂದ ಲಂಬವಾಗಿ ಪ್ರತಿ ಮೂಲೆಗೂ ಬಾಗಿಲ ಅಂಚಿಗೂ ಅಳೆದು 1:50 ಪ್ರಮಾಣದಲ್ಲಿ ಬರೆಯಿರಿ. ಲಂಬವನ್ನು ಕಣ್ಣಂದಾಜಿಗೆ ಬಿಟ್ಟರೆ ನಕ್ಷೆ ಓರೆಯಾಗುತ್ತದೆ, 3-4-5 ತ್ರಿಕೋನದಿಂದ ನೋಡಿ (ಬದಿಗಳು 3, 4, 5 ಅಳತೆಯಲ್ಲಿದ್ದರೆ ಮೂಲೆ ಸರಿಯಾಗಿ ಲಂಬ). ಕೋಣೆಯ ಎರಡೂ ಕರ್ಣ ಅಳೆದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಫೋಟೋಗೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನಡುಮಧ್ಯಾಹ್ನ ಸಣ್ಣ ಉಬ್ಬುತಗ್ಗು ಕಾಣುವುದಿಲ್ಲ.

ಬಾವಿಗೆ ಇಳಿಯಲೇಬೇಡಿ. ಒಳಗೆ ಆಮ್ಲಜನಕ ಕಡಿಮೆ ಇರಬಹುದು, ಕಟ್ಟೆ ಕುಸಿಯಬಹುದು. ಮೇಲಿನ ಕಸ ಗಟ್ಟಿಯಾಗಿ ಕಂಡರೂ ಅದರ ಮೇಲೆ ಕಾಲಿಡಬೇಡಿ.

ಉತ್ತರಿಸಿದವರು: ‘ಮಣ್ಣುಗೋಡೆ’
ಕೋಣೆಯ ಅಳತೆ ನೋಡಿ ಮನೆ-ಕೊಟ್ಟಿಗೆ ಹೇಳಲಾಗದು, ನೆಲ ನೋಡಿ. ಚಪ್ಪಡಿ ಹಾಸಿ ಒಂದು ಕಡೆಗೆ ಇಳಿಜಾರು ಕೊಟ್ಟು, ಆ ಬದಿಗೆ ಗಂಜಲದ ಕಾಲುವೆ ಇದ್ದರೆ ಬಹುತೇಕ ಕೊಟ್ಟಿಗೆ. ಶಾಖಕ್ಕೆ ಕೆಂಪಾದ ಮಣ್ಣು, ಬೂದಿ, ನಡುವೆ ಸವೆದ ಹೊಸ್ತಿಲು ಇದ್ದರೆ ಜನ ಇದ್ದ ಜಾಗ. ಮನೆಯೇ ಮುಂದೆ ಕೊಟ್ಟಿಗೆ ಆಗಿರಲೂಬಹುದು: ಗೋಡೆಯಲ್ಲಿ ಎದುರುಬದುರು ಎರಡು ನೇರ ಲಂಬ ಸಂದು ಕಂಡರೆ ಅದು ಆಮೇಲೆ ಮುಚ್ಚಿದ ಬಾಗಿಲು.

ಆ ದಿಬ್ಬವನ್ನು ಕಸದ ಗುಡ್ಡೆ ಅಂದುಕೊಳ್ಳಬೇಡಿ. ಮಣ್ಣಿನ ಗೋಡೆ ಮಳೆಗೆ ಕರಗಿ ಹೀಗೇ ಕೂರುತ್ತದೆ. ಅಂಚು ಎಲ್ಲಾದರೂ ಮೊದಲೇ ಕುಸಿದು ತೆರೆದಿದ್ದರೆ ಪದರಗಳ ಕ್ರಮ ಬರೆಯಿರಿ. ನೆಲಕ್ಕೇ ತಾಗಿ ಹೆಂಚಿನ ಚೂರು, ಅದರ ಮೇಲೆ ಗೋಡೆ ಮಣ್ಣು ಇದ್ದರೆ ಮೊದಲು ಬಿದ್ದದ್ದು ಮಾಡು (ಚಾವಣಿ). ನೆಲಕ್ಕೂ ಹೆಂಚಿಗೂ ನಡುವೆ ನಯವಾದ ಮಣ್ಣು ಕೂತಿದ್ದರೆ, ಜನ ಹೋದಮೇಲೂ ಮಾಡು ಸ್ವಲ್ಪ ಕಾಲ ನಿಂತಿತ್ತು ಅನ್ನಬಹುದು. ಹೆಂಚೂ ಇಲ್ಲ, ಮೊಳೆಯೂ ಇಲ್ಲ ಅಂದರೆ ಬಿಚ್ಚಿ ಸಾಗಿಸಿರಬಹುದು. ಯಂತ್ರ ಒಮ್ಮೆ ಉಜ್ಜಿದರೆ ಈ ಕ್ರಮ ಮತ್ತೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಇದೇ.

ಉತ್ತರಿಸಿದವರು: ‘ಚೂರುಪಾರು’
ಕಾಲದ ಬಗ್ಗೆ. ಉರುಟು ಕಂಬಿಯ ಮೊಳೆ ಬಳಕೆಗೆ ಬಂದದ್ದು ಹೆಚ್ಚಾಗಿ 19ನೇ ಶತಮಾನದ ಕೊನೆಗೆ. ಕಮ್ಮಾರ ಬಡಿದ ಮೊಳೆ ಚೌಕಾಕಾರ, ನಾಲ್ಕೂ ಬದಿ ತುದಿಗೆ ಸಣ್ಣದಾಗುತ್ತದೆ. ಸೀಸೆಯ ಅಚ್ಚಿನ ಗೆರೆ ಬಾಯಂಚಿನ ಮೇಲೂ ಹಾದಿದ್ದರೆ ಅದು ಯಂತ್ರದ್ದು, ಸಾಮಾನ್ಯವಾಗಿ 20ನೇ ಶತಮಾನದ್ದು. ಒಂದು ಪದರದಲ್ಲಿ ಸಿಕ್ಕ ಅತಿ ಹೊಸ ವಸ್ತುವಿಗಿಂತ ಆ ಪದರ ಹಳೆಯದಿರಲಾರದು. ಹಳೆಯ ನಾಣ್ಯ ಮಾತ್ರ ನಂಬಿ ಕಾಲ ಹೇಳಬೇಡಿ, ನಾಣ್ಯ ಕೈಯಿಂದ ಕೈಗೆ ಬಹುಕಾಲ ಓಡಾಡುತ್ತದೆ. ಮೇಲೆ ಬಿದ್ದದ್ದನ್ನು 5 ಮೀಟರ್ ಚೌಕಗಳಲ್ಲಿ ಎಣಿಸಿ, ಫೋಟೋ ತೆಗೆದು, ಅಲ್ಲೇ ಬಿಡಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಒಂದು ಕಡೆ ನೆಲಹಾಸೇ ಕಾಣುವುದಿಲ್ಲ, ಅಲ್ಲಿ?

ಉತ್ತರಿಸಿದವರು: ‘ಮಣ್ಣುಗೋಡೆ’
ಮಣ್ಣಿನ ರಂಜಕದ (ಫಾಸ್ಫರಸ್) ಪರೀಕ್ಷೆ ಮಾಡಿಸಿ. ಸಗಣಿ-ಗಂಜಲದ ರಂಜಕ ಮಣ್ಣಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಮಣ್ಣು ಕೊರೆಯುವ ಸಣ್ಣ ಆಗರ್‌ನಿಂದ ಮೇಲ್ಮಣ್ಣಿನ ಕೆಳಗಿನ ಮಾದರಿ ತೆಗೆಯಿರಿ, ಹೋಲಿಕೆಗೆ ಆವರಣದ ಹೊರಗಿನದೂ ಬೇಕು. ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದಲ್ಲಿ ಫಲಿತಾಂಶ ದಾರಿ ತಪ್ಪಿಸುತ್ತದೆ. ಮಾಲೀಕರಿಗೂ ಒಂದು ಮಾತು ಹೇಳಿ: ದಿಬ್ಬ ಕೆತ್ತುವ ಬದಲು ಜಿಯೋಟೆಕ್ಸ್‌ಟೈಲ್ (ನೀರು ಇಳಿಯಬಿಡುವ ಗಟ್ಟಿ ಬಟ್ಟೆ) ಹಾಸಿ ಮೇಲೆ ಮಣ್ಣು ತುಂಬಿದರೂ ನೆಲ ಸಮವಾಗುತ್ತದೆ.