ವಿದೇಶದಲ್ಲಿ ಮಾನವಿಕ ವಿಷಯಗಳ ಅಧ್ಯಯನ: ಸಲಹೆ ಬೇಕು

ಪ್ರಶ್ನೆ: ಇತಿಹಾಸದಲ್ಲಿ ಸ್ನಾತಕೋತ್ತರ ಪದವಿಯನ್ನು ವಿದೇಶದಲ್ಲಿ ಮಾಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಆದರೆ ದೀರ್ಘ ಪ್ರಬಂಧಗಳನ್ನು ಬರೆದು, ಸೆಮಿನಾರುಗಳಲ್ಲಿ ಇತರರಿಗೆ ಸರಿಸಮನಾಗಿ ಮಾತನಾಡಬಲ್ಲೆನೇ ಎಂಬ ಅಳುಕಿದೆ. ಓದು ಮುಗಿದ ಮೇಲೆ ಅಲ್ಲಿ ಕೆಲಸಕ್ಕೆ ಅವಕಾಶವಿದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಅಮೆರಿಕದಲ್ಲಿ ಎಫ್-1 (ವಿದ್ಯಾರ್ಥಿ) ವೀಸಾ ಉಳ್ಳವರಿಗೆ ಪದವಿಯ ನಂತರ 12 ತಿಂಗಳ ಒಪಿಟಿ (ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡಲು ಅನುಮತಿ) ದೊರೆಯುತ್ತದೆ, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಇತಿಹಾಸದವರಿಗೆ ಇಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ ಇತಿಹಾಸದ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ.

ಉತ್ತರ 2: ನಿಮ್ಮ ಅಳುಕು ಸಹಜವಾದದ್ದೇ, ಆದರೆ ಅದಕ್ಕೆ ದಾರಿಯಿದೆ. ಓದಿದ್ದನ್ನೆಲ್ಲ ಅಚ್ಚುಕಟ್ಟಾಗಿ ಸಂಗ್ರಹಿಸಿ ಬರೆದ ಪ್ರಬಂಧದ ಅಂಚಿನಲ್ಲಿ ಅಧ್ಯಾಪಕರು ಸಾಮಾನ್ಯವಾಗಿ ಕೇಳುವುದು ಒಂದೇ: "ಇಲ್ಲಿ ನಿಮ್ಮ ವಾದವೇನು?" ಆದ್ದರಿಂದ ಮೊದಲ ಪುಟದಲ್ಲೇ ನಿಮ್ಮ ನಿಲುವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಸೆಮಿನಾರಿಗೆ ಹೋಗುವಾಗ ಪುಟಸಂಖ್ಯೆಯ ಸಹಿತ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿ, ಚರ್ಚೆ ಬಿಸಿಯೇರುವ ಮುನ್ನವೇ ಕೇಳಿ. ನಿರರ್ಗಳವಾದ ಮಾತಿಗಿಂತ ಪಠ್ಯವನ್ನು ಹತ್ತಿರದಿಂದ ಓದಿದವರ ಪ್ರಶ್ನೆಗೆ ಅಲ್ಲಿ ಹೆಚ್ಚು ಬೆಲೆಯಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ 3: ಮೇಲಿನವರ ಮಾತಿಗೆ ನನ್ನ ಸಹಮತವಿದೆ. ವಿದ್ಯಾರ್ಥಿವೇತನಕ್ಕಾಗಿ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಮತ್ತು ಬ್ರಿಟನ್ ಸರ್ಕಾರದ ಚೀವ್ನಿಂಗ್ ಎರಡನ್ನೂ ನೋಡಿ. ಮಾನವಿಕ ವಿಷಯದವರೂ ಅರ್ಜಿ ಹಾಕಬಹುದು.